ಅವರೆಯ ಸೊಗಡು, ಜಾನಿಸ್ ಕೊರಳು

ಜನವರಿಯಲ್ಲಿ ಮಂಡ್ಯದ ಅಜ್ಜಿ ಮನೆಗೆ ಹೋದವರಿಗೆ ಬಿಡುಗಡೆ ಇಲ್ಲ. ನಡುಮನೆಯಲ್ಲಿ ಬೇಸಿನ್ ತುಂಬಾ ನೆನೆಸಿದ ಅವರೆಕಾಳು. ಎಲ್ಲರೂ ಕೂತು ಹಿತುಕಬೇಕು. ಎರಡು ಬೆರಳ ನಡುವೆ ಕಾಳಿಟ್ಟು ಒತ್ತಿದರೆ ಬೇಳೆ ಪಚಕ್ ಅಂತ ಹಾರುತ್ತದೆ. ನನ್ನವು ಅರ್ಧ ಪಾತ್ರೆಗೆ, ಅರ್ಧ ದಿವಾನದ ಕೆಳಗೆ.

"ಏನಾದ್ರೂ ಹಾಡಾದ್ರೂ ಹಾಕು" ಅಂದರು ಅತ್ತೆ. ನನ್ನ ಫೋನಿನಲ್ಲಿ ರಾಕ್ ಬಿಟ್ಟರೆ ಬೇರೇನಿಲ್ಲ. ಮೊದಲು ಕ್ವೀನ್ ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ. ಪಾರ್ಸಿ ಹುಡುಗ, ಓದಿದ್ದು ಇಲ್ಲೇ ಮಹಾರಾಷ್ಟ್ರದ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಅಂದಾಗ ಮಾವ ಕಿವಿ ನಿಮಿರಿಸಿದರು. ಬಾಯಲ್ಲಿ ನಾಲ್ಕು ಹಲ್ಲು ಜಾಸ್ತಿ ಇದ್ದವು. ತೆಗೆಸಿದರೆ ದನಿ ಕೆಟ್ಟೀತು ಅಂತ ಕೊನೆವರೆಗೂ ಹಾಗೇ ಬಿಟ್ಟುಕೊಂಡ. 2016ರಲ್ಲಿ ಸಂಶೋಧಕರು ಅವನ ಹಳೇ ರೆಕಾರ್ಡಿಂಗ್‌ಗಳನ್ನು ಅಳೆದು ನೋಡಿದರು. ಮಾತಿನ ದನಿ ತಗ್ಗು, ಹಾಡುವಾಗಿನ ಕಂಪನ ಮಾತ್ರ ಮಾಮೂಲಿ ಗಾಯಕರಿಗಿಂತ ಚುರುಕು. ಕೊರಳು ನಡುಗಿದರೂ ಸ್ವರ ಜಾರದ ಆ ಮಜಾ ಅಲ್ಲೇ ಇರೋದು.

ಅಜ್ಜಿಗೆ ಅದೇನೂ ಹಿಡಿಸಲಿಲ್ಲ. "ಚೆನ್ನಾಗವ್ನೆ, ಆದ್ರೆ ಭಾರಿ ನಯ ಕಣ್ಮಗ" ಅಂದುಬಿಟ್ಟರು.

ಸರಿ, ಅಮೆರಿಕದ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ಹಾಕಿದೆ. ಮೊದಲ ಸಾಲಿಗೇ ಅಜ್ಜಿ ಕೈ ನಿಲ್ಲಿಸಿದರು. "ಅಯ್ಯೋ, ಗಂಟ್ಲು ಕಟ್ಕೊಂಡೈತಲ್ಲೋ! ಈ ಹೆಣ್ಗೆ ಒಂದು ಲೋಟ ಮೆಣಸಿನ ಕಷಾಯ ಕೊಡೋರಿಲ್ವಾ?" ಎಲ್ಲರೂ ನಕ್ಕೆವು. ನಾನೂ ಮೊದಲ ಸಲ ಕೇಳಿದಾಗ ಸ್ಪೀಕರ್ ಹರಿದಿದೆ ಅಂದುಕೊಂಡಿದ್ದೆ!

ಆಮೇಲೆ ದೇವರ ಹತ್ತಿರ ಕಾರು ಬೇಡುವ ಅವಳ ಹಾಡು ಬಂತು. ಅದರಲ್ಲಿ ಗಿಟಾರಿಲ್ಲ, ಡ್ರಮ್ಮಿಲ್ಲ. ಬರೀ ಕೊರಳು, ಜೊತೆಗೆ ಕಾಲಿನ ತಾಳ. ಅದನ್ನು ರೆಕಾರ್ಡ್ ಮಾಡಿದ್ದು 1970ರ ಅಕ್ಟೋಬರ್ 1ರಂದು. ಮೂರೇ ದಿನಕ್ಕೆ ಅವಳು ತೀರಿಕೊಂಡಳು, 27 ವರ್ಷಕ್ಕೆ. ಇದನ್ನು ಹೇಳಬಾರದಿತ್ತೇನೋ. ಅಜ್ಜಿ ತುಂಬ ಹೊತ್ತು ಮಾತಾಡಲಿಲ್ಲ.

"ದೇವ್ರನ್ನ ಕಾರು ಕೇಳ್ತಾವ್ಳಾ?" ಅಂತ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಒಂದು ಕಾಳು ಹಿಡಿದು ಮೂಸಿ ನೋಡಿದರು. "ಸೊಗಡೈತೆ ಕಣೋ ಇವ್ಳಲ್ಲಿ" ಅಂದರು.

ಅವರೆಕಾಯಿ ಕೊಳ್ಳುವಾಗ ಅವರು ಸಿಪ್ಪೆ ಮುಟ್ಟಿ ನೋಡುವುದು ಇದಕ್ಕೇ. ಕೈಗೆ ಜಿಡ್ಡು ಹತ್ತಬೇಕು, ಘಮ್ಮನ್ನಬೇಕು. ಇಲ್ಲದಿದ್ದರೆ ಎಷ್ಟು ಎಳೆಯದಾದರೂ ಮುಂದಿನ ಗಾಡಿಗೆ ನಡೀತಾರೆ. ಇಷ್ಟು ವರ್ಷ ಜಾನಿಸ್ ಯಾಕೆ ಇಷ್ಟ ಅಂತ ಯಾರಾದರೂ ಕೇಳಿದರೆ ತೊದಲುತ್ತಿದ್ದೆ.

ಮಾವ "ನಮ್ಮ ಮೈಸೂರಿನ ರಘು ದೀಕ್ಷಿತ್ ಹಾಕೋ" ಅಂದರು. ಷರೀಫರ ಪದಗಳನ್ನು ಗಿಟಾರಿಗೆ ಕೂರಿಸಿದ ಆ ತುಂಬು ದನಿ ಶುರುವಾಗುವ ಮೊದಲೇ ಅಜ್ಜಿ ತಾವಾಗಿ ಯಾವುದೋ ಸೋಬಾನೆ ಎತ್ತಿಕೊಂಡರು. ಮೇಲೇರುವಲ್ಲಿ ಕೊರಳು ಎರಡಾಗಿ ಸೀಳಿತು. ಅವರು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ರೆಕಾರ್ಡ್ ಮಾಡೋಣ ಅಂತ ಫೋನು ಹುಡುಕಿದೆ. ಕೈಯೆಲ್ಲ ಅವರೆ ಲೋಳೆ, ಸ್ಕ್ರೀನು ಒಪ್ಪಲಿಲ್ಲ. ಪಂಚೆಗೆ ಒರೆಸಿಕೊಳ್ಳುವಷ್ಟರಲ್ಲಿ ಅಜ್ಜಿ ಹಾಡು ನಿಲ್ಲಿಸಿ, ದಿವಾನದ ಕೆಳಗೆ ಬಿದ್ದ ಬೇಳೆ ಆರಿಸು ಅಂತ ನನ್ನನ್ನು ಬಗ್ಗಿಸಿದ್ದರು.