ನಿಮ್ಮವರಿಗೆ ನೀವೇ ಯಾಕೆ ಶಾಲು ಹೊದಿಸ್ತೀರಿ?

ಪ್ರಶ್ನೆ ಇಷ್ಟೇ: "ಅಲ್ಲ ಮಾರಾಯ್ರೆ, ನಿಮ್ಮ ಸಾಧಕರಿಗೆ ನೀವೇ ಬೇರೆಯಾಗಿ ಸನ್ಮಾನ ಮಾಡೋದು ಯಾಕೆ? ಎಲ್ಲರ ಜೊತೆ ಸೇರಿ ಮಾಡಬಾರದಾ?"

ನಾನು ಕೊಡಗಿನ ಸಿದ್ದಾಪುರದ ಹತ್ತಿರ, ಕಾವೇರಿ ದಂಡೆಯ ಒಂದು ಊರಿನವನು. ನಮ್ಮ ಜಮಾಅತ್, ಅಂದರೆ ಊರಿನ ಮಸೀದಿಗೆ ಸೇರಿದ ಮುಸ್ಲಿಮರ ಕೂಟ, ವರ್ಷಕ್ಕೊಮ್ಮೆ ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಒಳ್ಳೆ ಅಂಕ ತೆಗೆದವರನ್ನು, ಡಿಗ್ರಿ ಮುಗಿಸಿದವರನ್ನು, ಸರ್ಕಾರಿ ಕೆಲಸ ಸಿಕ್ಕವರನ್ನು ಕರೆದು ಶಾಲು ಹೊದಿಸುತ್ತದೆ. ಪಟ್ಟಿ ಬರೆಯುವುದು, ಫ್ಲೆಕ್ಸ್ ಮಾಡಿಸುವುದು, ಕೊನೆಗೆ ಕುರ್ಚಿ ಎಣಿಸಿ ಶಾಮಿಯಾನದವರಿಗೆ ಒಪ್ಪಿಸುವುದು ನನ್ನ ಕೆಲಸ. ಹಾಗಾಗಿ ಪ್ರಶ್ನೆಯೂ ನನ್ನ ಪಾಲಿಗೇ ಬರುತ್ತದೆ. ಬ್ಯಾಂಕಿನಲ್ಲಿ ಕೇಳುತ್ತಾರೆ, ಕಾಫಿ ಮಾರುವಲ್ಲಿ ಕೇಳುತ್ತಾರೆ, ಹಬ್ಬಕ್ಕೆ ಮೊದಲು ಠಾಣೆಯಲ್ಲಿ ನಡೆಯುವ ಶಾಂತಿ ಸಭೆಯಲ್ಲಂತೂ ಚಹಾ ಆರುವುದರೊಳಗೆ ಕೇಳಿಯಾಗಿರುತ್ತದೆ.

ನಿಂತಲ್ಲೇ ಕೊಡುವ ಉತ್ತರ: ಎಲ್ಲರೂ ಮಾಡುತ್ತಾರೆ, ಅದಕ್ಕೇ ನಾವೂ ಮಾಡುತ್ತೇವೆ. ಕೊಡವ ಸಮಾಜ ಮಾಡುತ್ತದೆ, ಗೌಡ ಸಮಾಜ ಮಾಡುತ್ತದೆ, ಬಿಲ್ಲವರು, ಬಂಟರು, ಮಲಯಾಳಿ ಸಮಾಜದವರು ಎಲ್ಲರೂ ಮಾಡುತ್ತಾರೆ. ಮಳೆಗಾಲ ಶುರುವಾಯಿತೆಂದರೆ ಪತ್ರಿಕೆಯ ಒಳಪುಟ ತುಂಬ ಪ್ರತಿಭಾ ಪುರಸ್ಕಾರಗಳೇ. ಅವರನ್ನು ಯಾರಾದರೂ ಹೀಗೆ ನಿಲ್ಲಿಸಿ ಕೇಳಿದ್ದುಂಟಾ? 2011ರ ಜನಗಣತಿಯ ಲೆಕ್ಕದಲ್ಲಿ ಜಿಲ್ಲೆಯ ಐದೂವರೆ ಲಕ್ಷ ಜನರಲ್ಲಿ ಶೇಕಡಾ 16ರ ಹತ್ತಿರ ನಾವಿದ್ದೇವೆ. ಇಷ್ಟು ಜನ ಸೇರಿ ಒಂದು ಶಾಲು ಖರೀದಿಸಿದರೆ ಅದಕ್ಕೂ ವಿವರಣೆ ಕೊಡಬೇಕು.

ಇದಕ್ಕಿಂತ ಉರಿಸುವುದು ಇದರ ತಮ್ಮ, ಎರಡನೇ ಪ್ರಶ್ನೆ. ಕಾರ್ಯಪ್ಪ, ತಿಮ್ಮಯ್ಯ, ಹಾಕಿ ಆಟಗಾರರು, ರೋಹನ್ ಬೋಪಣ್ಣ ಅಂತ ಕೈಬೆರಳಲ್ಲಿ ಎಣಿಸಿ, "ನಿಮ್ಮವರಲ್ಲಿ ಅಂಥವರು ಯಾರಿದ್ದಾರೆ?" ಅನ್ನುತ್ತಾರೆ. ಕಾರ್ಯಪ್ಪನವರು ನಿಮ್ಮ ಪಟ್ಟಿಗೆ ಮಾತ್ರ ಸೇರಿದವರು ಅಂತ ನನಗೆ ಯಾರೂ ಹೇಳಿರಲಿಲ್ಲ. ಆದರೂ ಕೇಳಿದ್ದಕ್ಕೆ ಸುಂಟಿಕೊಪ್ಪದ ಅಬ್ದುಲ್ ರಶೀದ್ ಹೆಸರು ಹೇಳುತ್ತೇನೆ. ಕನ್ನಡದ ಒಳ್ಳೆಯ ಕತೆಗಾರರಲ್ಲೊಬ್ಬರು, ಆಕಾಶವಾಣಿಯಲ್ಲಿ ದುಡಿದವರು. "ಹೌದಾ, ಅವರು ನಿಮ್ಮವರಾ?" ಅಂತ ಕೇಳಿದವರೇ ಹೆಚ್ಚು. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ತೋಟದ ನೆರೆಯವರೊಬ್ಬರು ಫೋನ್ ಮಾಡಿ ನನಗೆ ಅಭಿನಂದನೆ ಹೇಳಿದರು, ನಾನೇ ಬರೆದವನ ಹಾಗೆ. "ಇಂಗ್ಲಿಷಿಗೆ ಮಾಡಿದವರು ನಿಮ್ಮ ಮಡಿಕೇರಿಯ ದೀಪಾ ಭಾಸ್ತಿ, ಪ್ರಶಸ್ತಿಯಲ್ಲಿ ಅರ್ಧ ಅವರದ್ದು, ನಿಮಗೂ ಅಭಿನಂದನೆ" ಅಂದೆ. ಸ್ವಲ್ಪ ಹೊತ್ತು ಲೈನಿನಲ್ಲಿ ಮಾತಿಲ್ಲ.

ಇನ್ನು ಟಿಪ್ಪು. ಸರ್ಕಾರ ಟಿಪ್ಪು ಜಯಂತಿ ಮಾಡಿದ ವರ್ಷಗಳಲ್ಲಿ, 2015ರಿಂದ 2018ರವರೆಗೆ, ನವೆಂಬರ್ ಬಂತೆಂದರೆ 1799ರಲ್ಲಿ ಸತ್ತ ಸುಲ್ತಾನನ ಬಗ್ಗೆ ನನ್ನ ಅಭಿಪ್ರಾಯ ಬೇಕಿತ್ತು ಜನರಿಗೆ. ಅವನ ದಾಳಿಗಳಿಂದ ಕೊಡವರಿಗಾದ ನೋವು ಸುಳ್ಳಲ್ಲ, ಅದನ್ನು ಯಾವತ್ತೂ ಅಲ್ಲಗಳೆದವನಲ್ಲ. ಆದರೆ ನಾನು ಮಾತಾಡುತ್ತಿದ್ದದ್ದು ಎಸ್ಸೆಸ್ಸೆಲ್ಸಿ ಮಕ್ಕಳ ಬಗ್ಗೆ.

"ನಿಮ್ಮವರು" ಅಂದರೆ ಒಂದೇ ಮುದ್ದೆ ಅಂತ ತಿಳಿದವರಿಗೆ ನಮ್ಮ ಕಮಿಟಿ ಸಭೆ ತೋರಿಸಬೇಕು. ಮಲಯಾಳ ಮಾತಾಡುವ ಮಾಪಿಳೆಗಳು, ಕೆಳಗಿನಿಂದ ಘಟ್ಟ ಹತ್ತಿದ ಬ್ಯಾರಿಗಳು, ಉರ್ದುವಿನವರು. ಆಲೀರ, ಚೀರಂಡ, ದುದ್ದಿಯಂಡ ಅಂತ ಮನೆಹೆಸರಿಟ್ಟುಕೊಂಡು ಮನೆಯಲ್ಲಿ ಕೊಡವ ತಕ್ಕ್ (ಕೊಡವ ಭಾಷೆ) ಆಡುವ ಜಮ್ಮಾ ಮಾಪಿಳೆಗಳೂ ಇದೇ ಜಿಲ್ಲೆಯವರು. ಎಲ್ಲರಿಗೂ ಸಮನಾಗಿ ಅರ್ಥವಾಗುವ ಭಾಷೆ ಕನ್ನಡ ಒಂದೇ. ಹಾಗಾಗಿ ನಮ್ಮ ಸನ್ಮಾನದ ನಿರೂಪಣೆ ಕನ್ನಡದಲ್ಲಿ, ಜಗಳ ಮಾತ್ರ ಅವರವರ ಭಾಷೆಯಲ್ಲಿ.

ಈಗ ನಿಜವಾದ ಉತ್ತರಕ್ಕೆ ಬರುತ್ತೇನೆ. ಬಾಯಲ್ಲಿ ಹೇಳಲು ಇದು ಉದ್ದವಾಗುತ್ತದೆ.

2022. ಮಾರ್ಚ್‌ನಲ್ಲಿ ಹಿಜಾಬ್ ಬಗ್ಗೆ ಹೈಕೋರ್ಟ್ ತೀರ್ಪು ಬಂದಿತ್ತು. ಮೇ ತಿಂಗಳಲ್ಲಿ ಗಡಿಯಾಚೆ ಮಲಪ್ಪುರಂ ಜಿಲ್ಲೆಯ ಒಂದು ವಿಡಿಯೊ ಎಲ್ಲರ ಮೊಬೈಲಿಗೂ ಬಂತು: ಹತ್ತನೇ ತರಗತಿಯ ಹುಡುಗಿಯನ್ನು ಬಹುಮಾನಕ್ಕೆ ವೇದಿಕೆಗೆ ಕರೆದದ್ದಕ್ಕೆ ಹಿರಿಯ ಮುಸ್ಲಿಯಾರೊಬ್ಬರು (ಧರ್ಮಗುರು) ಸಂಘಟಕರನ್ನು ಗದರುತ್ತಿದ್ದರು. ಒಂದು ಕಡೆಯವರು ತಲೆಬಟ್ಟೆ ತೆಗೆದು ಒಳಗೆ ಬಾ ಅನ್ನುತ್ತಾರೆ, ಇನ್ನೊಂದು ಕಡೆಯವರು ತಲೆಬಟ್ಟೆ ಹಾಕಿದ್ದರೂ ಮೇಲೆ ಬರಬೇಡ ಅನ್ನುತ್ತಾರೆ.

ನಮ್ಮ ಕಮಿಟಿಯಲ್ಲೂ ಅದರ ಬಿಸಿ ತಟ್ಟಿತು. ಫ್ಲೆಕ್ಸಿನಲ್ಲಿ ಹುಡುಗರ ಫೋಟೊ ಹಾಕುವ, ಹುಡುಗಿಯರ ಹೆಸರಿನ ಮೇಲೆ ಗುಲಾಬಿ ಹೂ ಹಾಕುವ ಅಂತ ಹಿರಿಯರೊಬ್ಬರು ಸೂಚಿಸಿದರು. ಪಟ್ಟಿಯಲ್ಲಿ ಹುಡುಗಿಯರೇ ಹೆಚ್ಚು. "ಹಾಜಿಯವರೇ, ಇದು ರಾಜಾಸೀಟಿನ ಫಲಪುಷ್ಪ ಪ್ರದರ್ಶನದ ಬ್ಯಾನರ್ ಆಗ್ತದೆ" ಅಂದೆ. ಹಾಜಿಯವರೇ ಮೊದಲು ನಕ್ಕರು. ಕೊನೆಗೆ ಯಾರ ಫೋಟೊವೂ ಬೇಡ, ಎಲ್ಲರ ಹೆಸರೂ ಒಂದೇ ಗಾತ್ರದಲ್ಲಿ ಅಂತಾಯಿತು. ಹುಡುಗಿಯರು ವೇದಿಕೆಗೆ ಬರುವುದು, ಶಾಲು ಅಪ್ಪನ ಹೆಗಲಿಗೆ, ಫಲಕ ಮಗಳ ಕೈಗೆ. ಇಂಥ ಒಪ್ಪಂದ ಹುಟ್ಟಲು ಮೂರು ಸುತ್ತು ಸುಲೈಮಾನಿ ಚಹಾ ಬೇಕಾಯಿತು.

ಪಟ್ಟಿಯಲ್ಲಿ ಒಬ್ಬಳಿದ್ದಳು. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಲಿಹುದಿಕೇರಿ ಕಡೆ ಮನೆಗಳು ಹೋದಾಗ ಇವಳ ಮನೆಯೂ ಹೋಗಿತ್ತು. ಮರುವರ್ಷ ಕೊರೊನಾದಿಂದ ಜೂನ್‌ಗೆ ಮುಂದೆ ಹೋದ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಳು. 2022ರ ಜೂನ್‌ನಲ್ಲಿ ಪಿಯುಸಿ ಕಾಮರ್ಸ್‌ನಲ್ಲಿ ಡಿಸ್ಟಿಂಕ್ಷನ್. ಅಪ್ಪ ತೋಟಗಳಲ್ಲಿ ಕರಿಮೆಣಸು ಕೊಯ್ಯುವ ಗುತ್ತಿಗೆ ಹಿಡಿಯುವವರು. ದುಬೈಯಲ್ಲಿದ್ದ ಒಬ್ಬ ಹುಡುಗನ ಮನೆಯವರ ಜೊತೆ ಮಾತುಕತೆ ಆಗಿತ್ತು. ಓದು ಸಾಕು ಅಂತ ತೀರ್ಮಾನ.

ಜುಲೈ ತಿಂಗಳ ಭಾನುವಾರ. ಮದರಸದ ಶೀಟಿನ ಮೇಲೆ ಮಳೆ ಹೊಡೆಯುತ್ತಿದ್ದ ಸದ್ದಿಗೆ ಅರ್ಧ ಭಾಷಣ ಯಾರಿಗೂ ಕೇಳಿಸಲಿಲ್ಲ, ಅದೊಂದು ಅನುಕೂಲ. ಅವಳ ಸರದಿ ಬಂದಾಗ ಮಳೆ ಸ್ವಲ್ಪ ಬಿಟ್ಟಿತು. ಮದರಸದ ಮುಖ್ಯ ಗುರು ಸದರ್ ಉಸ್ತಾದ್ ಚೀಟಿ ನೋಡಿ ಓದಿದರು: "ಮುಂದೆ ಮಡಿಕೇರಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜಿನಲ್ಲಿ ಬಿಕಾಂ ಓದಲಿದ್ದಾಳೆ, ಇನ್‌ಶಾ ಅಲ್ಲಾಹ್." ಸಭೆಯೆಲ್ಲ ಮಾಷಾ ಅಲ್ಲಾಹ್ ಅಂದಿತು. ಅಪ್ಪನ ಹೆಗಲಿಗೆ ಶಾಲು ಬಿತ್ತು. ಆ ಮನುಷ್ಯನಿಗೆ ಕೊಡೆ ಎಲ್ಲಿಡಬೇಕೆಂದು ತಿಳಿಯದೆ ಶಾಲಿನ ಅಡಿಯಲ್ಲೇ ಹಿಡಿದುಕೊಂಡು ನಿಂತಿದ್ದರು, ನೀರು ಪ್ಯಾಂಟಿನ ಮೇಲೆ ಇಳಿಯುತ್ತಿತ್ತು.

ಚೀಟಿಯಲ್ಲಿ ಆ ಸಾಲು ಬರೆದವನು ನಾನು. ಬರೆಸಿದವರು ಅವಳ ಉಮ್ಮ, ಹಿಂದಿನ ದಿನ ನನ್ನ ಹೆಂಡತಿಯ ಮೂಲಕ.

ಬಿರಿಯಾನಿಗೆ ಕೂತಾಗ ಅವಳ ಅಪ್ಪ ನನ್ನ ಪಕ್ಕಕ್ಕೇ ಬಂದರು. "ಇಡೀ ಮಹಲ್ಲಿನ ಎದುರು ಹೇಳಿಬಿಟ್ಟಿರಲ್ಲ, ಇನ್ನೆಂತ ಮಾಡೋದು?"

"ಹೇಳಿದ್ದು ಉಸ್ತಾದ್" ಅಂದೆ.

2025ರಲ್ಲಿ ಬಿಕಾಂ ಮುಗಿಸಿದಳು. ದುಬೈಯ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು, ಚೆನ್ನಾಗಿದ್ದಾನಂತೆ.

ಮಡಿಕೇರಿಯ ಯಾವುದೋ ಸಭಾಂಗಣದಲ್ಲಿ "ಎಲ್ಲರ ಜೊತೆ ಸೇರಿ" ಮಾಡಿದ್ದರೆ ಆ ಅಪ್ಪ ಬರುತ್ತಲೇ ಇರಲಿಲ್ಲ. ಬಂದಿದ್ದರೂ ಅಲ್ಲಿ ಚಪ್ಪಾಳೆ ತಟ್ಟಿದವರಿಗೆ ಅಂಜುವ ಅಗತ್ಯ ಅವರಿಗಿರಲಿಲ್ಲ. ಇಲ್ಲಿ ಹಾಗಲ್ಲ, ಪ್ರತಿ ಶುಕ್ರವಾರ ಅದೇ ಮುಖಗಳು, "ಮಗಳ ಕಾಲೇಜು ಹೇಗುಂಟು?" ಅಂತ ಅದೇ ವಿಚಾರಣೆ. ಶಾಲಿನ ಬೆಲೆ ಇನ್ನೂರು ರೂಪಾಯಿ ಇರಬಹುದು, ಆದರೆ ಹಾಕಿಸಿಕೊಂಡ ಮೇಲೆ ಹಿಂದೆ ಸರಿಯುವುದು ಕಷ್ಟ. ನಾವು ನಾವೇ ಸೇರಿ ಮಾಡುವುದು ಇದಕ್ಕೆ.

ಇಷ್ಟಾಗಿ, ಯಾರೂ ಕೇಳದ ಪ್ರಶ್ನೆಯೊಂದು ಉಂಟು: ನಿಮ್ಮ ಪಟ್ಟಿಯಲ್ಲಿ ಹುಡುಗರು ಯಾಕೆ ಇಷ್ಟು ಕಡಿಮೆ? ಇದನ್ನು ಕೇಳಿದರೆ ನಾನು ಕೂತು ಮಾತಾಡುತ್ತೇನೆ, ಚಹಾ ನನ್ನದೇ. ಪಿಯುಸಿ ಫೇಲಾದವನು ಮೊಬೈಲ್ ಅಂಗಡಿಗೆ, ಪಾಸಾದವನು ಗಲ್ಫ್ ವೀಸಾಕ್ಕೆ, ಮಧ್ಯದವನು ಯಾರದ್ದೋ ಜೀಪಿನ ಸ್ಟಿಯರಿಂಗ್‌ಗೆ. ಹದಿನೆಂಟಕ್ಕೆ ಮನೆಗೆ ದುಡ್ಡು ತರುವ ಹುಡುಗನ ಅಪ್ಪನನ್ನು ಯಾವ ಶಾಲಿನಿಂದಲೂ ಕಟ್ಟಿಹಾಕಲು ಆಗಿಲ್ಲ. ಅದರ ಮೇಲೆ, ಒಂದರಿಂದ ಎಂಟನೇ ತರಗತಿಯವರ ಅಲ್ಪಸಂಖ್ಯಾತ ವಿದ್ಯಾರ್ಥಿವೇತನವನ್ನೂ ಸಂಶೋಧನೆ ಮಾಡುವವರ ಮೌಲಾನಾ ಆಜಾದ್ ಫೆಲೋಶಿಪ್ಪನ್ನೂ ಕೇಂದ್ರ ಸರ್ಕಾರ 2022ರ ಕೊನೆಗೆ ನಿಲ್ಲಿಸಿತು. ಏಣಿಯ ಕೆಳಗಿನ ಮೆಟ್ಟಿಲೂ ಹೋಯಿತು, ಮೇಲಿನದ್ದೂ ಹೋಯಿತು.

ಈ ವರ್ಷದ ಕಾರ್ಯಕ್ರಮ ಎಂದಿನಂತೆ ಮಳೆಗಾಲದಲ್ಲೇ. ಪ್ರಶ್ನೆ ಕೇಳುವವರೆಲ್ಲ ಬನ್ನಿ, ಕುರ್ಚಿ ಹೆಚ್ಚಿಗೆ ತರಿಸುತ್ತೇನೆ. ಶಾಲು ತರಬೇಡಿ, ಕಪಾಟು ತುಂಬ ಉಂಟು. ತರುವುದಾದರೆ ಒಬ್ಬ ಹುಡುಗನ ಹಾಸ್ಟೆಲ್ ಫೀಸು ತನ್ನಿ, ರಸೀದಿ ನಾನೇ ಬರೆದು ಕೊಡುತ್ತೇನೆ.