ಉತ್ತರ ಸಿಗದಿದ್ದಾಗ ಟೂಲ್ ಏನು ಹೇಳುತ್ತದೆ?

ಎಕ್ಸ್‌ನ ಎಕ್ಸ್ ಘಾತವನ್ನು ಅನುಕಲಿಸು ಎಂದು ಸಿಮ್‌ಪೈಗೆ, ಅಂದರೆ ಪೈಥಾನ್ ಭಾಷೆಯಲ್ಲಿ ಬೀಜಗಣಿತ ಮಾಡುವ ಸಾಫ್ಟ್‌ವೇರ್‌ಗೆ, ಕೇಳಿ ನೋಡಿ. ಎರರ್ ಬರುವುದಿಲ್ಲ. "ಆಗಲಿಲ್ಲ" ಎಂದೂ ಅದು ಹೇಳುವುದಿಲ್ಲ. ನೀವು ಕೊಟ್ಟ ಲೆಕ್ಕವನ್ನೇ ಇಂಟಿಗ್ರಲ್ ಎಂಬ ಹೆಸರಿನೊಳಗೆ ಇಟ್ಟು ವಾಪಸ್ ಕೊಡುತ್ತದೆ. ಗಣಿತ ಗೊತ್ತಿರುವವರಿಗೆ ನೋಡಿದ ತಕ್ಷಣ ಅರ್ಥವಾಗುತ್ತದೆ, ಇದರ ಕೈಲಿ ಆಗಲಿಲ್ಲ ಅಂತ. ತಾನೇ ಟೂಲ್‌ಗಳನ್ನು ಕರೆದು ಕೆಲಸ ಮಾಡುವ ಎಐ ಏಜೆಂಟ್‌ಗೂ ಅರ್ಥವಾಗುತ್ತದೆ ಅನ್ನೋ ಖಾತ್ರಿ ಇಲ್ಲ. ಟೂಲ್ ಓಡಿದೆ, ಏನೋ ಒಂದು ಬಂದಿದೆ. ಅದನ್ನೇ ಉತ್ತರ ಎಂದು ಮುಂದಿಟ್ಟುಬಿಡಬಹುದು.

ನನ್ನ ಈಗಿನ ಕೆಲಸ ಇದರ ಸುತ್ತಲೇ ಇದೆ. ಬೀಜಗಣಿತ ಮಾಡುವ ಸಾಫ್ಟ್‌ವೇರ್‌ಗಳ ಫಂಕ್ಷನ್‌ಗಳನ್ನು ಏಜೆಂಟ್ ಕರೆಯುವಂತೆ ಜೋಡಿಸಿ, ಒಂದೊಂದಕ್ಕೂ ವಿವರಣೆ ಬರೆಯುತ್ತೇನೆ. 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ (ಎಐಗೆ ಟೂಲ್‌ಗಳನ್ನು ಜೋಡಿಸುವ ಸಾಮಾನ್ಯ ನಿಯಮಾವಳಿ) ಬಂದ ಮೇಲೆ ಜೋಡಿಸುವ ಭಾಗ ಸಲೀಸಾಗಿದೆ. ತಲೆ ತಿನ್ನುವುದು ವಿವರಣೆ.

ಮನುಷ್ಯರಿಗೆ ಬರೆಯುವ ಡಾಕ್ಯುಮೆಂಟೇಶನ್‌ನಲ್ಲಿ ಈ ಫಂಕ್ಷನ್ ಏನೇನು ಮಾಡುತ್ತದೆ ಎಂದು ಹೇಳಿದರೆ ಹೆಚ್ಚುಕಡಿಮೆ ಸಾಕು. ಉಳಿದದ್ದನ್ನು ಓದುವವರು ನಾಲ್ಕು ಸಲ ಓಡಿಸಿ ಕಲಿಯುತ್ತಾರೆ. ಏಜೆಂಟ್ ಹಾಗಲ್ಲ. ಪ್ರತಿ ಸಲವೂ ಹೊಸಬರಂತೆ ಬರುತ್ತದೆ. ಹಾಗಾಗಿ ಉತ್ತರ ಸಿಗದಿದ್ದಾಗ ಯಾವ ರೂಪದಲ್ಲಿ ಏನು ಬರುತ್ತದೆ ಎನ್ನುವುದನ್ನೇ ನಾನು ಮೊದಲು ಬರೆಯುತ್ತೇನೆ. "ಫಲಿತಾಂಶದಲ್ಲಿ ಇಂಟಿಗ್ರಲ್ ಉಳಿದಿದ್ದರೆ ಅನುಕಲನ ಆಗಿಲ್ಲ. ಉತ್ತರ ಬಂದಿದ್ದರೆ ಅದನ್ನು ಅವಕಲಿಸಿ ಮೂಲಕ್ಕೆ ಹೋಲಿಸು."

ಹೋಲಿಸು ಎಂದು ಬರೆದ ಕೂಡಲೇ ಇನ್ನೊಂದು ತಲೆನೋವು. ಸಿಮ್‌ಪೈನಲ್ಲಿ ಎರಡು ಸಮಚಿಹ್ನೆ ಹಾಕಿ ಹೋಲಿಸಿದರೆ ಅದು ನೋಡುವುದು ರೂಪವನ್ನು, ಬೆಲೆಯನ್ನಲ್ಲ. ಎಕ್ಸ್ ಪ್ಲಸ್ 1ರ ವರ್ಗವೂ ಅದನ್ನೇ ಬಿಡಿಸಿ ಬರೆದದ್ದೂ ಬೇರೆ ಬೇರೆ ಎನ್ನುತ್ತದೆ. ಬೆಲೆ ನೋಡಬೇಕೆಂದರೆ ಈಕ್ವಲ್ಸ್ ಎಂಬ ಮೆಥಡ್ ಇದೆ. ಅದರ ಉತ್ತರಗಳು ಮೂರು: ಟ್ರೂ, ಫಾಲ್ಸ್, ನನ್ (None). ನನ್ ಅಂದರೆ ತೀರ್ಮಾನಿಸಲು ಆಗಲಿಲ್ಲ ಅಂತ. ಆದರೆ ಪೈಥಾನ್‌ನ ಇಫ್ ಸಾಲಿನಲ್ಲಿ ನನ್ ಕೂಡ ಫಾಲ್ಸ್‌ನಂತೆಯೇ ನಡೆದುಕೊಳ್ಳುತ್ತದೆ. "ಗೊತ್ತಿಲ್ಲ" ಅನ್ನೋದು ಸದ್ದಿಲ್ಲದೆ "ಸಮ ಅಲ್ಲ" ಆಗಿಬಿಡುತ್ತದೆ. ಇದನ್ನು ಸಿಮ್‌ಪೈನ ದೋಷ ಅಂತ ನಾನು ಹೇಳುವುದಿಲ್ಲ. ಸೈನ್, ಘಾತಾಂಕ, ನಿರಪೇಕ್ಷ ಮೌಲ್ಯ ಎಲ್ಲ ಸೇರಿದ ಉಕ್ತಿ ಸೊನ್ನೆಗೆ ಸಮವೇ ಎಂದು ಎಲ್ಲ ಸಂದರ್ಭದಲ್ಲೂ ಹೇಳಬಲ್ಲ ವಿಧಾನವೇ ಇಲ್ಲ ಎಂದು ಗಣಿತಜ್ಞ ಡೇನಿಯಲ್ ರಿಚರ್ಡ್‌ಸನ್ 1968ರಲ್ಲೇ ತೋರಿಸಿದ್ದಾರೆ. ಯಾವ ಸಾಫ್ಟ್‌ವೇರ್ ತಂದರೂ ಮೂರನೇ ಉತ್ತರ ತಪ್ಪಿದ್ದಲ್ಲ. ಹಾಗಾಗಿ ನನ್ನ ಟೂಲ್ ಈಗ ಟ್ರೂ, ಫಾಲ್ಸ್ ಕೊಡುವುದೇ ಇಲ್ಲ. "ಸಮ", "ಸಮ ಅಲ್ಲ", "ತಿಳಿಯಲಿಲ್ಲ" ಎಂದು ಪದದಲ್ಲೇ ಕೊಡುತ್ತದೆ.

ಸಮೀಕರಣ ಬಿಡಿಸುವ ಸಿಮ್‌ಪೈನ ಸಾಲ್ವ್ ಫಂಕ್ಷನ್ ಇನ್ನೂ ಮೋಜಿನದು. ಸೈನ್ ಎಕ್ಸ್ ಸೊನ್ನೆ ಯಾವಾಗ ಎಂದು ಕೇಳಿದರೆ 0 ಮತ್ತು ಪೈ ಎಂದು ಎರಡೇ ಹೇಳಿ ಸುಮ್ಮನಾಗುತ್ತದೆ. ಪರಿಹಾರಗಳು ಅನಂತ, ಅಲ್ವಾ? ಎಲ್ಲವೂ ಬೇಕಾದರೆ ಸಾಲ್ವ್‌ಸೆಟ್ ಕರೆಯಬೇಕು. ಸಾಲದ್ದಕ್ಕೆ ಸಾಲ್ವ್ ಒಮ್ಮೆ ಲಿಸ್ಟ್ ಕೊಡುತ್ತದೆ, ಒಮ್ಮೆ ಡಿಕ್ಷನರಿ (ಹೆಸರು, ಬೆಲೆಗಳ ಜೋಡಿ). dict=True ಎಂದು ಹಾಕಿದರೆ ಯಾವಾಗಲೂ ಡಿಕ್ಷನರಿಗಳ ಲಿಸ್ಟೇ ಬರುತ್ತದೆ. ಅದನ್ನು ವಿವರಣೆಯಲ್ಲಿ ಬರೆದು ಬೇಡಿಕೊಳ್ಳುವ ಬದಲು ಕೋಡ್‌ನಲ್ಲೇ ಗಟ್ಟಿ ಮಾಡಿಟ್ಟಿದ್ದೇನೆ. ಕೋಡ್‌ನಿಂದ ತಡೆಯಬಹುದಾದ್ದಕ್ಕೆ ವಾಕ್ಯ ಖರ್ಚು ಮಾಡಬಾರದು ಎನ್ನುವುದು ನನ್ನ ಪಟ್ಟು. ವಿವರಣೆಯ ಪ್ರತಿ ಸಾಲೂ ಏಜೆಂಟ್‌ನ ಕಾಂಟೆಕ್ಸ್ಟ್‌ನಲ್ಲಿ, ಅಂದರೆ ಅದು ಒಮ್ಮೆಗೆ ಓದಬಲ್ಲ ಪಠ್ಯದಲ್ಲಿ, ಜಾಗ ತಿನ್ನುತ್ತದೆ.

ಮ್ಯಾಕ್ಸಿಮಾ ಎಂಬ ಇನ್ನೊಂದು ಬೀಜಗಣಿತ ಸಾಫ್ಟ್‌ವೇರ್‌ನ ಸ್ವಭಾವವೇ ಬೇರೆ. ಎಕ್ಸ್‌ನ ಎನ್ ಘಾತವನ್ನು ಅನುಕಲಿಸು ಎಂದರೆ ಅದು ತಿರುಗಿ ಪ್ರಶ್ನೆ ಹಾಕುತ್ತದೆ: ಎನ್‌ನ ಬೆಲೆ ಋಣ 1ಕ್ಕೆ (-1ಕ್ಕೆ) ಸಮವೇ? ಗಣಿತದ ದೃಷ್ಟಿಯಿಂದ ಬಹಳ ಸರಿಯಾದ ಪ್ರಶ್ನೆ. ಆದರೆ ಹಿನ್ನೆಲೆಯಲ್ಲಿ ಓಡುತ್ತಿರುವಾಗ ಉತ್ತರಿಸುವವರು ಯಾರೂ ಇರುವುದಿಲ್ಲ. ಸುಮ್ನೆ ಕಾಯುತ್ತಾ ಕೂರುತ್ತದೆ. ಆದ್ದರಿಂದ ಊಹೆಗಳನ್ನು ಮೊದಲೇ ಅಸ್ಯೂಮ್ ಎಂಬ ಆದೇಶದಲ್ಲಿ ಕೊಡು, ಕೊಟ್ಟದ್ದನ್ನು ಉತ್ತರದ ಜೊತೆಗೂ ಹೇಳು ಎಂದು ಬರೆದಿದ್ದೇನೆ. ಇಷ್ಟು ಹೊತ್ತಾದ ಮೇಲೆ ನಿಲ್ಲಿಸು ಎನ್ನುವ ಟೈಮ್‌ಔಟ್ ಅಂತೂ ಇರಲೇಬೇಕು. ಸಿಮ್‌ಪೈನಲ್ಲೂ ಎಕ್ಸ್ ಎಂಬ ಚಿಹ್ನೆ ಧನ ಎಂದು ಹೇಳದೆ ಎಕ್ಸ್ ವರ್ಗದ ವರ್ಗಮೂಲ ಎಕ್ಸ್ ಆಗುವುದಿಲ್ಲ. ಆಗಬಾರದು ಕೂಡ.

ಸಣ್ಣಪುಟ್ಟವು ಜಾಸ್ತಿ ಇವೆ. ಪೈಥಾನ್‌ನಲ್ಲಿ 1/3 ಬರೆದರೆ ಭಿನ್ನರಾಶಿ ದಶಮಾಂಶವಾಗಿಬಿಡುತ್ತದೆ, ಸಿಮ್‌ಪೈನ ರ್‍ಯಾಷನಲ್ ಬಳಸಬೇಕು. 2^3 ಎಂದರೆ 8 ಅಲ್ಲ, 1; ಅಲ್ಲಿ ^ ಘಾತದ ಚಿಹ್ನೆಯಲ್ಲ. ಇಂಥವಕ್ಕೆ ಪಾಠ ಬೇಡ, ಒಂದು ಉದಾಹರಣೆ ಸಾಕು. ಆ ಉದಾಹರಣೆಗಳನ್ನು ಡಾಕ್‌ಟೆಸ್ಟ್‌ನಲ್ಲಿ (ವಿವರಣೆಯೊಳಗಿನ ಉದಾಹರಣೆಗಳನ್ನು ಓಡಿಸಿ ಪರೀಕ್ಷಿಸುವ ಪೈಥಾನ್ ಸಾಧನ) ಓಡಿಸುತ್ತೇನೆ, ಸಾಫ್ಟ್‌ವೇರ್‌ನ ಆವೃತ್ತಿ ಬದಲಾದಾಗ ಹಳಸಿದ್ದು ಅಲ್ಲೇ ಗೊತ್ತಾಗುತ್ತದೆ.

ಒಂದನ್ನು ಮಾತ್ರ ವಿವರಣೆಯ ಭರವಸೆಗೆ ಬಿಡಬೇಡಿ. ಪಠ್ಯವನ್ನು ಗಣಿತದ ಉಕ್ತಿಯಾಗಿಸುವ ಸಿಮ್‌ಪೈನ ಸಿಮ್‌ಪಿಫೈ ಫಂಕ್ಷನ್ ಒಳಗೊಳಗೇ ಇವ್ಯಾಲ್ (ಪಠ್ಯವನ್ನು ಕೋಡ್ ಆಗಿ ಓಡಿಸುವ ಪೈಥಾನ್ ಫಂಕ್ಷನ್) ಬಳಸುತ್ತದೆ. ಏಜೆಂಟ್ ಎಲ್ಲಿಂದಲೋ ಓದಿ ತಂದ ಪಠ್ಯವನ್ನು ಅದಕ್ಕೆ ನೇರವಾಗಿ ಕೊಟ್ಟರೆ ಅದರಲ್ಲಿರುವ ಕೋಡ್ ಓಡಬಹುದು. ಅನುಮತಿಸಿದ ಅಕ್ಷರ, ಫಂಕ್ಷನ್‌ಗಳನ್ನಷ್ಟೇ ಒಳಗೆ ಬಿಡುವ ಪಾರ್ಸರ್ ಮುಂದೆ ಇರಲಿ, ಇಡೀ ಟೂಲ್ ಸ್ಯಾಂಡ್‌ಬಾಕ್ಸ್‌ನೊಳಗೇ, ಅಂದರೆ ಉಳಿದ ಕಂಪ್ಯೂಟರ್‌ಗೆ ಕೈ ತಾಗದ ಬೇಲಿಯೊಳಗೇ, ಓಡಲಿ.