ದೀಪ ದೊಡ್ಡದು ಮಾಡಿದ ರಾತ್ರಿ

2023ರ ಮಾರ್ಚ್ 5, ಭಾನುವಾರ. ಸ್ಯಾನ್ ಫ್ರಾನ್ಸಿಸ್ಕೋದ ಬೇ ಬ್ರಿಜ್ ದೀಪಗಳಿಗೆ ಅದೇ ಕೊನೆಯ ರಾತ್ರಿ. ಅಮ್ಮ ಆಗ ನಮ್ಮ ಮನೆಗೆ ಬಂದಿದ್ದಳು. "ಇವತ್ತು ಬ್ರಿಜ್ ದೀಪ ಆರಿಸ್ತಾರಮ್ಮ, ಹೋಗಿ ನೋಡ್ಕೊಂಡು ಬರೋಣ" ಅಂದೆ. ಸ್ವೆಟರ್‌ಗೆ ಒಂದು ಕೈ ತೂರಿಸಿದ್ದವಳು ಹಾಗೇ ನಿಂತಳು.

"ಆರಿಸ್ತಾರೆ ಅನ್ನಬಾರದು ಕಣೋ. ದೊಡ್ಡದು ಮಾಡ್ತಾರೆ ಅನ್ನು."

ಚಿಕ್ಕಂದಿನಿಂದ ಕೇಳಿದ ಮಾತೇ. ದೇವರ ಮುಂದಿನ ದೀಪವನ್ನು ನಮ್ಮಲ್ಲಿ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ. ಈ ಊರಿಗೆ ಬಂದ ಮೇಲೆ ಮರೆತೇ ಹೋಗಿತ್ತು.

ನಾವಿರುವುದು ಓಕ್ಲೆಂಡ್‌ನಲ್ಲಿ, ನನ್ನ ಕೆಲಸ ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ವರ್ಷಗಟ್ಟಲೆ ಇದೇ ಸೇತುವೆ ಮೇಲೆ ಓಡಾಡಿದ್ದೇನೆ. 1936ರ ನವೆಂಬರ್ 12ರಂದು ಶುರುವಾದ ಸೇತುವೆ ಇದು. ಗೋಲ್ಡನ್ ಗೇಟ್ ಸೇತುವೆ ಶುರುವಾಗಿದ್ದು ಅದಾಗಿ ಆರು ತಿಂಗಳಿಗೆ. ಆದರೆ ಹೆಸರೆಲ್ಲ ಆ ಕೆಂಪು ಸೇತುವೆಗೇ ಹೋಯಿತು. ಫೋಟೋ, ಪೋಸ್ಟ್‌ಕಾರ್ಡ್, ಎಲ್ಲ ಅದರದ್ದೇ. ಬೂದು ಬಣ್ಣದ ನಮ್ಮ ಸೇತುವೆ ಮನೆಯ ದೊಡ್ಡ ಮಗಳ ಹಾಗೆ, ಎರಡು ಅಂತಸ್ತಿನ ತುಂಬ ಗಾಡಿ ಹೊತ್ತುಕೊಂಡು ತನ್ನ ಪಾಡಿಗೆ ದುಡಿಯುತ್ತದೆ. ನನಗೆ ಅದರ ಮೇಲೆ ಪ್ರೀತಿ ಜಾಸ್ತಿ.

ಅದರ ಕಡೆಗೂ ಜನ ತಿರುಗಿ ನೋಡುವ ಹಾಗೆ ಮಾಡಿದ್ದು ಈ ದೀಪಗಳು. ಸೇತುವೆಗೆ 75 ವರ್ಷ ತುಂಬುವ ಹೊತ್ತಿಗೆ ಬೆನ್ ಡೇವಿಸ್ ಎಂಬುವವರಿಗೆ ಹೊಳೆದ ಯೋಚನೆ. ಕಲಾವಿದ ಲಿಯೋ ವಿಯರಿಯಲ್ ಅದಕ್ಕೆ ರೂಪ ಕೊಟ್ಟರು. ಪಶ್ಚಿಮ ಭಾಗದ ನೇತಾಡುವ ತಂತಿಗಳ ಮೇಲೆ 25,000 ಬಿಳಿ ಎಲ್‌ಇಡಿ ದೀಪಗಳು, ಸುಮಾರು 2.9 ಕಿಲೋಮೀಟರ್ ಉದ್ದಕ್ಕೆ. ಸರ್ಕಾರದ ದುಡ್ಡಲ್ಲ, ಜನರಿಂದ ಕೂಡಿಸಿದ್ದು. 2013ರ ಮಾರ್ಚ್ 5ಕ್ಕೆ ಬೆಳಗಿದಾಗ ಎರಡೇ ವರ್ಷ ಇರಬೇಕು ಅಂತ ಲೆಕ್ಕ. 2015ರಲ್ಲಿ ತೆಗೆದರು. ಜನರಿಗೆ ಬಿಟ್ಟಿರಲು ಆಗಲಿಲ್ಲ. ಮತ್ತೆ ದೇಣಿಗೆ ಎತ್ತಿದರು, 2016ರ ಜನವರಿಯಲ್ಲಿ ಮತ್ತೆ ಬೆಳಕು ಬಂತು. ಆ ಸಲ ನಾನೂ ಕೈಲಾದಷ್ಟು ಕೊಟ್ಟಿದ್ದೆ. ಅದು ಎಷ್ಟು ದೀಪಕ್ಕೆ ಆಯ್ತೋ, ಒಂದು ಅಡಿ ತಂತಿಗೂ ಸಾಲದೇನೋ. ಆದರೂ ದಡದಲ್ಲಿ ನಿಂತು ನೋಡಿದಾಗಲೆಲ್ಲ ಅದರಲ್ಲಿ ನನ್ನದೂ ಒಂದು ಇದೆ ಅನ್ನಿಸುತ್ತಿತ್ತು.

ದಡದಲ್ಲಿ ನಿಂತರೆ ಮಾತ್ರ. ಯಾಕೆಂದರೆ ಆ ದೀಪಗಳು ಮುಖ ಮಾಡಿದ್ದು ಹೊರಗೆ, ಉತ್ತರದ ಕಡೆಗೆ. ಗಾಡಿ ಓಡಿಸುವವರ ಕಣ್ಣು ಕುಕ್ಕಬಾರದಲ್ವಾ? ಹಾಗಾಗಿ ದಿನಾ ಸೇತುವೆ ದಾಟುವ ನಮ್ಮಂಥವರಿಗೆ ಅದು ಕಾಣುತ್ತಲೇ ಇರಲಿಲ್ಲ. ನಾವು ಯಾವ ಬೆಳಕಿನ ಒಳಗೆ ಹೋಗುತ್ತಿದ್ದೇವೆ ಅಂತ ನಮಗೇ ಗೊತ್ತಾಗುತ್ತಿರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಎಂಬಾರ್ಕಡೆರೋ ದಂಡೆಗೆ ಬಂದಾಗ ಚಳಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಅಮ್ಮನಿಗೆ ಶಾಲು ಹೊದಿಸಿ ಕಂಬಿಯ ಹತ್ತಿರ ನಿಲ್ಲಿಸಿದೆ. ತಂತಿಗಳ ಮೇಲೆ ಬೆಳಕು ಮಳೆ ಹನಿಯ ಹಾಗೆ ಕೆಳಗಿಳಿಯಿತು. ಆಮೇಲೆ ಮೀನಿನ ಹಿಂಡಿನಂಥದ್ದೇನೋ ಎಡದಿಂದ ಬಲಕ್ಕೆ ಈಜಿ ಹೋಯಿತು. ಅದು ಯಾವ ಚಿತ್ರವೂ ಅಲ್ಲ, ಒಮ್ಮೆ ಕಂಡಿದ್ದು ಮತ್ತೆ ಹಾಗೇ ಬರುವುದೂ ಇಲ್ಲ, ವಿಯರಿಯಲ್ ಅವರ ಕಂಪ್ಯೂಟರ್ ಪ್ರೋಗ್ರಾಂ ಇರುವುದೇ ಹಾಗೆ ಅಂದೆ. "ಸುಮ್ನಿರು, ಮೀನೇ ಅದು" ಅಂದಳು ಅಮ್ಮ.

ಆ ಮೀನು ಅಲ್ಲಲ್ಲಿ ತುಂಡಾಗುತ್ತಿತ್ತು. ಕಪ್ಪು ಪಟ್ಟಿ ಬಂದ ಕಡೆ ಮಾಯವಾಗಿ, ಪಕ್ಕದ ತಂತಿಯಲ್ಲಿ ಮತ್ತೆ ಕಾಣುತ್ತಿತ್ತು. ಅಲ್ಲಿ ದೀಪಗಳು ಕೆಟ್ಟಿದ್ದವು. ಉಪ್ಪು ಗಾಳಿ, ಮಂಜು, ಹಗಲೂ ರಾತ್ರಿ ಗಾಡಿಗಳ ಅದುರು. ಇಷ್ಟನ್ನು ತಡೆದುಕೊಂಡು ಎಷ್ಟು ವರ್ಷ ಉರಿದಾವು? ರಿಪೇರಿ ಮಾಡಿದಷ್ಟೂ ಮತ್ತೆ ಕೆಡುತ್ತಿದ್ದವು. ಅದಕ್ಕೇ ಎಲ್ಲ ಬಿಚ್ಚಿ ಹೊಸದಾಗಿ ಹಾಕುವುದು ಅಂತ ತೀರ್ಮಾನವಾಗಿತ್ತು. ಅದಕ್ಕೆ ಬೇಕಾದ ಸುಮಾರು 1.1 ಕೋಟಿ ಡಾಲರ್ ಮತ್ತೆ ಜನರಿಂದಲೇ ಬರಬೇಕಿತ್ತು.

ಪಕ್ಕದಲ್ಲಿ ನಾಯಿ ಹಿಡಿದುಕೊಂಡು ನಿಂತಿದ್ದ ಅಜ್ಜಿಯೊಬ್ಬರು ಮಾತಿಗೆ ಸಿಕ್ಕರು. ದಿನಾ ಸಂಜೆ ಇಲ್ಲಿಗೇ ವಾಕಿಂಗ್ ಬರುತ್ತಾರಂತೆ. ಗಂಡ ತೀರಿಕೊಂಡ ವರ್ಷ ರಾತ್ರಿ ನಿದ್ದೆ ಬಾರದೆ ಎಷ್ಟೋ ಸಲ ಇಲ್ಲೇ ಕೂತಿದ್ದರಂತೆ. ಹೊಸ ದೀಪಕ್ಕೂ ದುಡ್ಡು ಕೊಟ್ಟಿದ್ದೇನೆ ಅಂದರು. ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಶಾಲಿನಿಂದ ಕೈ ಹೊರಗೆ ತೆಗೆದು ಅವರ ಕೈ ಹಿಡಿದುಕೊಂಡಳು. ಇಬ್ಬರೂ ಸೇತುವೆ ಕಡೆ ನೋಡುತ್ತಾ ಸುಮಾರು ಹೊತ್ತು ಹಾಗೇ ನಿಂತಿದ್ದರು.

"ಹೊಸದು ಎಷ್ಟು ದೀಪವಂತೆ?" ಅಂತ ಕೇಳಿದಳು ಅಮ್ಮ.

"ಎರಡರಷ್ಟು. ಸುಮಾರು ಐವತ್ತು ಸಾವಿರ. ಆಚೆ ಕಡೆಗೂ ಹಾಕಬೇಕು ಅಂತಿದ್ದಾರೆ."

"ಮತ್ತೆ? ದೊಡ್ಡದು ಮಾಡ್ತಾರೆ ಅಂದಿದ್ದಕ್ಕೆ ಮುಖ ನೋಡಿದೆಯಲ್ಲ."

ಕೊನೆಯವರೆಗೂ ನಿಲ್ಲೋಣ ಅಂತ ನನಗೆ ಆಸೆ ಇತ್ತು. ಅಮ್ಮ ಒಪ್ಪಲಿಲ್ಲ. ದೀಪ ಹೋಗುವುದನ್ನು ನೋಡುತ್ತಾ ನಿಲ್ಲಬಾರದು ಅಂದಳು. ಅಜ್ಜಿಗೆ ಕೈ ಮುಗಿದು ಕಾರಿನ ಹತ್ತಿರ ನಡೆದೆವು.

ಓಕ್ಲೆಂಡ್ ಕಡೆ ಹೋಗುವ ಗಾಡಿಗಳಿಗೆ ಕೆಳಗಿನ ಅಂತಸ್ತು. ತಲೆ ಮೇಲೆ ಕಬ್ಬಿಣದ ತೊಲೆಗಳು, ಅದರಾಚೆ ಏನೂ ಕಾಣುವುದಿಲ್ಲ. ಅಮ್ಮ ಕಿಟಕಿಗೆ ಹಣೆ ಆನಿಸಿ ಮೇಲೆ ನೋಡಲು ಯತ್ನಿಸುತ್ತಿದ್ದಳು.

"ಈಗ ಉರೀತಾ ಇದೆಯೋ, ಹೋಯ್ತೋ?"

"ಇಲ್ಲಿಂದ ಗೊತ್ತಾಗಲ್ಲಮ್ಮ."

"ಹಾಗಾದ್ರೆ ಉರೀತಾ ಇದೆ" ಅಂದಳು ಅಮ್ಮ. ಸೇತುವೆ ನಡುವಿನ ದ್ವೀಪದ ಸುರಂಗ ಬರುವವರೆಗೂ ಕಿಟಕಿ ಬಿಟ್ಟು ಕದಲಲಿಲ್ಲ.